ಕ್ಯಾಸೆಟ್ ಊದುತ್ತಿದ್ದವಳು

ಅಣ್ಣ ಫೋನ್ ಮಾಡಿ, ಹಳೇ ಕ್ಯಾಸೆಟ್‌ಗಳು ಅಟ್ಟದ ಮೇಲೆ ಸಿಕ್ಕಿವೆ, ರಿಪೇರಿ ಮಾಡಿಕೊಡು ಅಂದ. ಹಾಡಿನ ಕ್ಯಾಸೆಟ್‌ಗಳಲ್ಲ. ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮಿನವು. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಗಳು, ಕೆಲವು ಹಳದಿ, ಕೆಲವು ಕಪ್ಪು. ನಾವು ಚಿಕ್ಕವರಾಗಿದ್ದಾಗ ಚನ್ನಪಟ್ಟಣದಲ್ಲಿ ಅವನ್ನು ಎಲ್ಲರೂ ಕ್ಯಾಸೆಟ್ ಎಂದೇ ಕರೆಯುತ್ತಿದ್ದರು.

ಎಲ್ಲವೂ ಇವೆಯಾ ಎಂದು ಎರಡು ಸಲ ಕೇಳಿದೆ. ಹಳೆಯದು ಸಿಕ್ಕಿತೆಂದು ಮನಸ್ಸು ಕರಗಿದ್ದಲ್ಲ. ಆ ಕ್ಯಾಸೆಟ್‌ಗಳನ್ನು ನಾನೇ ಊದಿ ಊದಿ ಹಾಳು ಮಾಡಿದೆ ಎಂಬುದು ನಮ್ಮ ಮನೆಯಲ್ಲಿ ಆಗಿಹೋದ ತೀರ್ಮಾನ. ಅದರ ಮೇಲೆ ಅಪೀಲು ಇರಲಿಲ್ಲ. ಹಾಳು ಮಾಡಿದವಳ ಕೈಗೇ ಈಗ ರಿಪೇರಿಗೆ ಕೊಡುತ್ತಿದ್ದಾನೆ, ಅದು ಅವನಿಗೆ ಹೊಳೆದೂ ಇಲ್ಲ.

ಒಪ್ಪಿಕೊಂಡೆ. ಅಣ್ಣನಿಗಾಗಿ ಅಲ್ಲ. ಅವು ಸತ್ತದ್ದು ಯಾತರಿಂದ ಎಂದು ಒಮ್ಮೆ ನನ್ನ ಕಣ್ಣಿಂದ ನೋಡಬೇಕಿತ್ತು. ನನ್ನ ಉಸಿರಿನಿಂದ ಅಲ್ಲವಾದರೆ ಅದನ್ನು ಅವನಿಗೆ ತೋರಿಸಬೇಕಿತ್ತು.

ಹಳೇ ಹೆದ್ದಾರಿಯ ಮೇಲೆ ಅಣ್ಣನಿಗೆ ಒಂದು ಬೊಂಬೆ ಅಂಗಡಿ ಇದೆ. ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋದ ಮೇಲೆ ಮೈಸೂರಿನ ಕಾರುಗಳು ಇತ್ತ ತಿರುಗುವುದು ಕಡಿಮೆ. ತಿರುಗಿದವರನ್ನು ಹೇಗಾದರೂ ನಿಲ್ಲಿಸಿಕೊಳ್ಳಬೇಕು. ಅಂಗಡಿಯ ಬಾಗಿಲಲ್ಲಿ ಮರ ಕಡೆಯುವ ಒಂದು ಸಣ್ಣ ಲೇತ್ ಹಾಕಿ ಅಪ್ಪನನ್ನು ಕೂರಿಸಿದ್ದಾನೆ. ಅಪ್ಪ ಬುಗುರಿ ತಿರುವುವುದನ್ನು ಜನ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ, ಕೆಲವರು ಬುಗುರಿಯನ್ನೂ ಕೊಳ್ಳುತ್ತಾರೆ. ಒಳಗೆ ಹಳೇ ಕಾಲದ ವಿಡಿಯೋ ಗೇಮ್ ಇಟ್ಟರೆ ಮಕ್ಕಳಿಗಿಂತ ಮಕ್ಕಳ ಅಪ್ಪಂದಿರು ನಿಲ್ಲುತ್ತಾರೆ ಎಂಬುದು ಅವನ ಹೊಸ ಯೋಚನೆ. ಅಂಥದ್ದೇ ಒಂದು ಮಷಿನನ್ನು ಆನ್‌ಲೈನ್‌ನಲ್ಲಿ ತರಿಸಿದ್ದ. ಕ್ಯಾಸೆಟ್ ಅದರ ಸೀಳಿನೊಳಗೆ ಸರಿಯಾಗಿ ಕೂರುತ್ತಿತ್ತು. ಪರದೆಯ ಮೇಲೆ ಮಾತ್ರ ಬೂದು ಬಣ್ಣ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ನನ್ನನ್ನು ಕೇಳಲು ಕಾರಣ ನನ್ನ ಕೆಲಸ. ಬಿಡದಿಯಲ್ಲಿ ಕಾರುಗಳಿಗೆ ವೈರಿನ ಕಟ್ಟು ತಯಾರಿಸುವ ಒಂದು ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ನಾನಿದ್ದೇನೆ. ಒಂದು ತುದಿಗೆ ಕೊಟ್ಟ ಕರೆಂಟು ಇನ್ನೊಂದು ತುದಿಗೆ ಮುಟ್ಟುತ್ತದೋ ಇಲ್ಲವೋ ನೋಡುವುದು. ಮುಟ್ಟಿದರೆ ಬೀಪ್, ಇಲ್ಲದಿದ್ದರೆ ಕೆಂಪು ಚೀಟಿ. ದಿನವೂ ರಾಮನಗರದಿಂದ ರೈಲಿನಲ್ಲಿ ಹೋಗಿ ಇದನ್ನು ಮಾಡಿ ಬರುತ್ತೇನೆ. ಇಂಥದ್ದನ್ನೆಲ್ಲ ಬರೆಯುವುದು ಭಾನುವಾರಗಳಲ್ಲಿ.

ಊದುವ ಕೆಲಸ ನನಗೆ ಬಂದದ್ದು ಹೇಗೆ ಎಂದು ಹೇಳಬೇಕು.

ನಮ್ಮ ಮನೆಯ ಹಿಂದೆ ಅಪ್ಪನ ಲೇತ್ ಶೆಡ್ ಇತ್ತು. ಹಾಲೆಮರದ ತುಂಡು ತಿರುಗುತ್ತಿರುವಾಗಲೇ ಅದಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣ ತಾಳೆಗರಿ ಹಿಡಿದು ಉಜ್ಜಿದರೆ ಮೆರುಗು ಬರುತ್ತದೆ. ಆದರೆ ಅರಗು ಹಚ್ಚುವ ಮುಂಚೆ ಮರದ ಮೇಲೆ ಒಂದು ಕಣ ಹೊಟ್ಟೂ ಇರಬಾರದು. ಬಟ್ಟೆಯಲ್ಲಿ ಒರೆಸಿದರೆ ನೂಲಿನ ಎಳೆ ಉಳಿಯುತ್ತದೆ. ಬಾಯಲ್ಲಿ ಊದಬೇಕು. ಆ ಕೆಲಸ ಮನೆಯ ಹೆಣ್ಣುಮಕ್ಕಳದು. ನನಗೆ ನೆನಪಿರುವ ಮೊದಲ ಕೆಲಸವೇ ಅದು. ಅಪ್ಪ ಲೇತ್ ನಿಲ್ಲಿಸಿ ಕತ್ತು ಅಲ್ಲಾಡಿಸುವರು, ನಾನು ಬಗ್ಗಿ ಊದುವೆ, ಲೇತ್ ತಿರುಗಿಸಲು ಅವರು ಮತ್ತೆ ಪೆಡಲಿಗೆ ಕಾಲು ಒತ್ತುವರು. ಮೋಟಾರು ಬರುವ ಮುಂಚಿನ ಮಾತು ಇದು. ಅಥವಾ ಮೋಟಾರು ಬಂದ ಮೇಲಿನದ್ದು. ನನ್ನ ನೆನಪಿನಲ್ಲಿ ಅಪ್ಪನ ಕಾಲೂ ಒತ್ತುತ್ತಿದೆ, ಮೋಟಾರಿನ ಸದ್ದೂ ಇದೆ. ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ. ಒಂದನ್ನು ತೆಗೆದುಹಾಕಿ ಇನ್ನೊಂದನ್ನು ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ.

ಗೇಮ್ ಬಂದದ್ದು ಬೆಂಗಳೂರಿನಲ್ಲಿದ್ದ ಸೋದರಮಾವನಿಂದ. ಬಂದದ್ದು ಅಣ್ಣನಿಗೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬೇಸಿಗೆ ರಜಕ್ಕೆ ಮಾಗಡಿಯಿಂದ ದೊಡ್ಡಪ್ಪನ ಗಂಡುಮಕ್ಕಳು ಬಂದರೆ ನಡುಮನೆ ಪೂರ್ತಿ ಅವರದು. ಕ್ಯಾಸೆಟ್ ಹಾಕಿದರೆ ಕೆಲವು ಸಲ ಚಿತ್ರ ಬರುತ್ತಿತ್ತು, ಕೆಲವು ಸಲ ಬರುತ್ತಿರಲಿಲ್ಲ. ಒಮ್ಮೆ ಯಾರು ಊದಿದರೂ ಬರದೇ ಇದ್ದಾಗ ನನ್ನನ್ನು ಶೆಡ್ಡಿನಿಂದ ಕರೆದರು. ನಾನು ಬೊಂಬೆ ಊದುವ ಹಾಗೆಯೇ, ತುಟಿ ಸಣ್ಣ ಮಾಡಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಊದಿದೆ. ಚಿತ್ರ ಬಂತು. ಅಲ್ಲಿಗೆ ನನ್ನ ಕೆಲಸ ಗಟ್ಟಿಯಾಯಿತು. ‘ಊದಮ್ಮ’ ಎಂದು ಹೆಸರೂ ಬಿತ್ತು. ಪಾತ್ರೆ ಉಜ್ಜುತ್ತಿರಲಿ, ಹೋಂವರ್ಕ್ ಬರೆಯುತ್ತಿರಲಿ, ಒಳಗಿನಿಂದ ಕೂಗು ಬರುತ್ತಿತ್ತು. ನಾನು ಹೋಗಿ ಊದಿಕೊಟ್ಟು ಬರುತ್ತಿದ್ದೆ.

ಆಡಲು ಕೊಡುತ್ತಿದ್ದರೋ? ನನ್ನ ನೆನಪಿನ ಪ್ರಕಾರ ಇಲ್ಲ. ಆದರೆ ಈ ನೆನಪಿಗೆ ನಾನು ಸಹಿ ಹಾಕಲಾರೆ. ಕೈಗೆ ಕೊಟ್ಟು, ನಾನು ಆಟದಲ್ಲಿ ತಕ್ಷಣ ಹಳ್ಳಕ್ಕೆ ಬಿದ್ದು, ನಕ್ಕು ಕಿತ್ತುಕೊಂಡಿದ್ದರೂ ಇರಬಹುದು. ಸಿಟ್ಟು ತನಗೆ ಬೇಕಾದ್ದನ್ನು ಮಾತ್ರ ಉಳಿಸಿಕೊಂಡಿರುತ್ತದೆ.

ಅವು ಸತ್ತ ದಿನ ಮಾತ್ರ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಬೆಳಿಗ್ಗೆ ಅಣ್ಣ ಒಂದು ಕ್ಯಾಸೆಟ್ ಹಾಕಿದ. ಬೂದು ಪರದೆ. ಇನ್ನೊಂದು. ಅದೂ ಬೂದು. ಇದ್ದವನ್ನೆಲ್ಲ ಹಾಕಿದ. ನನ್ನನ್ನು ಕರೆದರು, ಊದಿದೆ, ಏನೂ ಆಗಲಿಲ್ಲ. ಹಿಂದಿನ ದಿನದವರೆಗೆ ಒಂದಲ್ಲ ಒಂದು ನಡೆಯುತ್ತಿತ್ತು. ಒಂದೇ ಬೆಳಿಗ್ಗೆ ಎಲ್ಲವೂ ಹೋಗಿದ್ದವು. ಮಾಗಡಿಯವರಲ್ಲಿ ದೊಡ್ಡವನು ಒಂದನ್ನು ಬೆಳಕಿಗೆ ಹಿಡಿದು, ಇವಳ ಎಂಜಲು ಒಳಗೆ ಹೋಗಿ ಹಾಳಾಗಿದೆ ಅಂದ. ಎಲ್ಲರಿಗೂ ಒಂದು ಕಾರಣ ಬೇಕಿತ್ತು, ಸಿಕ್ಕಿತು. ಅಣ್ಣ ಅತ್ತ. ಗಂಡುಹುಡುಗನನ್ನು ಅಳಿಸಿದ್ದಕ್ಕೆ ಅವ್ವ ನನಗೆ ಹೊಡೆದಳು. ಯಾತರಲ್ಲಿ ಹೊಡೆದಳೆಂದು ಪ್ರತಿ ಸಲ ಬೇರೆ ಬೇರೆ ನೆನಪಾಗುತ್ತದೆ. ಸೌಟು, ಪೊರಕೆ, ಬರಿಗೈ. ಅವ್ವ ಈಗ ಇಲ್ಲ, ಕೇಳುವ ಹಾಗಿಲ್ಲ. ಶೆಡ್ಡಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಇದರಲ್ಲಿ ಅನುಮಾನವಿಲ್ಲ. ನಿಂತು ನೋಡಿದರು, ಏನೂ ಹೇಳಲಿಲ್ಲ, ಒಳಗೆ ಹೋದರು.

ಅಷ್ಟಕ್ಕೇ ಮುಗಿದಿದ್ದರೆ ಮಕ್ಕಳ ಜಗಳ ಎಂದು ಬಿಡಬಹುದಿತ್ತು. ಆದರೆ ಆ ಮಾತು ಮನೆಯಲ್ಲಿ ನೆಲೆ ನಿಂತಿತು. ರೇಡಿಯೋದ ಕಿವಿ ತಿರುಗಿಸಲು ಹೋದರೆ, ಮಿಕ್ಸಿಯ ವೈರ್ ಮುಟ್ಟಿದರೆ, ‘ಊದಮ್ಮ ಬಂದಳು’ ಎಂದು ಯಾರಾದರೂ ಅನ್ನುವರು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತೇನೆ ಎಂದೆ. ಊಟಕ್ಕೆ ಕೂತಿದ್ದೆವು. ಅಣ್ಣ ಅನ್ನದ ತುತ್ತು ಬಾಯಲ್ಲಿಟ್ಟುಕೊಂಡೇ, ‘ಕ್ಯಾಸೆಟ್ ಊದಿ ಕೆಡಿಸ್ದೋಳು ಎಲೆಕ್ಟ್ರಾನಿಕ್ಸ್ ಓದ್ತಾಳಂತೆ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಪಿಯುಸಿಗೆ, ಆಮೇಲೆ ಬಿ.ಎ.ಗೆ ಸೇರಿಸಿದರು. ಆ ನಗುವೇ ನನ್ನ ಓದನ್ನು ತಪ್ಪಿಸಿತು ಎಂದು ಬರೆದರೆ ವಾಕ್ಯ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದು ನಿಜವಲ್ಲ. ಹುಡುಗಿಯರನ್ನು ಅಲ್ಲಿಗೆ ಕಳಿಸಬಾರದೆಂದು ಮೊದಲೇ ಅವರ ಮನಸ್ಸಿನಲ್ಲಿತ್ತು. ಅದನ್ನು ನೇರವಾಗಿ ಹೇಳುವುದಕ್ಕಿಂತ ನಗುವುದು ಸಲೀಸಾಗಿತ್ತು. ಕ್ಯಾಸೆಟ್ ಅದಕ್ಕೆ ಒದಗಿ ಬಂತು.

ಅಣ್ಣ ಕಳಿಸಿದ ಚೀಲ ತೆರೆದದ್ದು ಒಂದು ಭಾನುವಾರ ಮಧ್ಯಾಹ್ನ. ನಮ್ಮ ಮನೆಯವರು ಕನಕಪುರದ ಶಾಲೆಯೊಂದರಲ್ಲಿ ಮೇಷ್ಟ್ರು, ಅವತ್ತು ಅಲ್ಲೇ ಏನೋ ಕೆಲಸವಿತ್ತು. ಊಟದ ಮೇಜಿನ ಮೇಲೆ ಪೇಪರ್ ಹಾಸಿ ಕ್ಯಾಸೆಟ್‌ಗಳನ್ನು ಹರಡಿದೆ. ನನಗೆ ಉತ್ತರ ಮೊದಲೇ ಗೊತ್ತಿತ್ತು ಅನ್ನಬೇಕು. ಬಾಯಿಂದ ಊದಿದರೆ ದೂಳು ಹೋಗುವುದಕ್ಕಿಂತ ಹೆಚ್ಚಾಗಿ ತೇವ ಸೇರುತ್ತದೆ, ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ. ಕಾರ್ಖಾನೆಯಲ್ಲಿ ಸೇರಿದ ವಾರವೇ ಇದನ್ನು ಹೇಳಿಕೊಡುತ್ತಾರೆ, ಕನೆಕ್ಟರ್ ಹತ್ತಿರ ಬಾಯಿ ತರಬೇಡಿ ಎಂದು. ಆವತ್ತು ಆ ಪಾಠ ಕೇಳಿ ನಾನು ಬಾತ್‌ರೂಮಿಗೆ ಹೋಗಿ ನಿಂತುಕೊಂಡಿದ್ದೆ. ಮಾಗಡಿಯವನು ಹೇಳಿದ್ದು ಸರಿಯಿತ್ತಲ್ಲ ಎಂದು. ಊದಿದಾಗ ಚಿತ್ರ ಬರುತ್ತಿದ್ದದ್ದು ಕೂಡ ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ನನ್ನ ಹೆಚ್ಚುಗಾರಿಕೆಯೂ ಸುಳ್ಳು, ತಪ್ಪು ಮಾತ್ರ ನಿಜ. ಹೀಗೆ ನಂಬಿಕೊಂಡು ಎಷ್ಟೋ ವರ್ಷ ಕಳೆದಿದ್ದೆ.

ಆದರೂ ಒಂದು ವಿಷಯ ಕೊರೆಯುತ್ತಿತ್ತು. ಕಿಲುಬು ಹಿಡಿಯುವುದು ನಿಧಾನ. ಒಂದು ಇವತ್ತು, ಇನ್ನೊಂದು ಮುಂದಿನ ತಿಂಗಳು, ಹಾಗೆ ಹೋಗಬೇಕು. ಎಲ್ಲವೂ ಒಂದೇ ರಾತ್ರಿಯಲ್ಲಿ ಸಾಯುವುದಿಲ್ಲ.

ಒಂದು ಕಪ್ಪು ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದೆ. ಒಳಗೆ ಹಸಿರು ಹಲಗೆ, ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಪಿನ್ನುಗಳು. ಆ ಪಿನ್ನುಗಳು ಮಷಿನ್ನಿನ ಸೀಳಿಗೆ ತಾಗಬೇಕು, ತಾಗಿದರೆ ಆಟ. ಕಿಲುಬು ನೋಡಲು ಸಿದ್ಧಳಾಗಿ ಬಗ್ಗಿದೆ. ಕಿಲುಬಿರಲಿಲ್ಲ. ಪಿನ್ನುಗಳು ಹೊಳೆಯುತ್ತಿದ್ದವು. ಇಷ್ಟು ವರ್ಷ ಅಟ್ಟದಲ್ಲಿ ಬಿದ್ದ ಲೋಹ ಹಾಗೆ ಹೊಳೆಯುವುದಿಲ್ಲ. ಕರೆಂಟು ಹರಿಯುತ್ತದೆಯೇ ನೋಡುವ ಮೀಟರಿನ ಎರಡು ಮೊನೆಗಳನ್ನು ಒಂದೇ ಪಿನ್ನಿನ ಎರಡು ತುದಿಗೆ ಹಿಡಿದೆ. ಬೀಪ್ ಬರಲಿಲ್ಲ. ಕಣ್ಣಿಗೆ ಹೊಸದರಂತೆ ಕಾಣುವ ಲೋಹ, ಕರೆಂಟು ಮಾತ್ರ ಹತ್ತುವುದಿಲ್ಲ.

ಉಗುರಿನಿಂದ ಕೆರೆದೆ. ತೆಳ್ಳನೆಯ, ಜೇನಿನ ಬಣ್ಣದ ಪೊರೆ ಎದ್ದು ಬಂತು. ಅದನ್ನು ಚಿಮುಟದಲ್ಲಿ ಹಿಡಿದು ಒಲೆಯ ಉರಿಗೆ ಸೋಕಿಸಿದೆ. ವಾಸನೆ ಬಂತು, ನಾನು ಒಲೆ ಆರಿಸಿ ನೆಲದ ಮೇಲೆ ಕೂತೆ. ನಮ್ಮ ಶೆಡ್ಡಿನ ವಾಸನೆ ಅದು. ಅರಗು.

ಬಣ್ಣ ಸೇರಿಸದ ಅರಗು. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಎಲ್ಲೂ ಗಂಟು ಕಟ್ಟದೆ, ಅಂಚಿನಲ್ಲಿ ತೊಟ್ಟು ನಿಲ್ಲದೆ, ಒಂದೇ ಸಮ ಎಳೆದದ್ದು. ಮೇಲೆ ಗರಿಯಲ್ಲಿ ಉಜ್ಜಿ ಮೆರುಗು ತಂದದ್ದು. ನಮ್ಮ ಮನೆಯಲ್ಲಿ ಹಾಗೆ ಅರಗು ಎಳೆಯುವ ಕೈ ಒಂದೇ ಇತ್ತು. ಉಳಿದ ಡಬ್ಬಿಗಳ ಬಾಯಿಗೆ ಟಾರ್ಚ್ ಹಿಡಿದು ನೋಡಿದೆ. ಎಲ್ಲದರ ಪಿನ್ನಿನ ಮೇಲೂ ಅದೇ ಮೆರುಗು.

ಯಾಕೆ ಹಚ್ಚಿದರೆಂದು ಕೇಳಬೇಕಾಗಿಯೇ ಇರಲಿಲ್ಲ. ಅಪ್ಪನ ಲೋಕದಲ್ಲಿ ಮಂಕಾದ ಯಾವುದಕ್ಕೂ ಮದ್ದು ಒಂದೇ. ತೊಟ್ಟಿಲ ಗಿಲಕಿ ಮಂಕಾಯಿತೇ, ಅರಗು. ಮಂಚದ ಕಾಲು ಮಂಕಾಯಿತೇ, ಅರಗು. ಅವ್ವನ ಕುಂಕುಮದ ಭರಣಿಗೆ ವರ್ಷಕ್ಕೊಮ್ಮೆ ಅರಗು. ಮಗನ ಆಟ ಸರಿಯಾಗಿ ನಡೆಯುತ್ತಿಲ್ಲ, ಅದರ ಹಲ್ಲು ಮಂಕಾಗಿದೆ. ಡಬ್ಬಿ ಬಿಚ್ಚಿ, ಹಲ್ಲಿನ ಅಂಚಿಗೆ ಕೆಂಡದ ಬಿಸಿ ತೋರಿಸಿ, ಕಡ್ಡಿ ಎಳೆದು, ಗರಿಯಲ್ಲಿ ಉಜ್ಜಿ ಇಟ್ಟಿದ್ದಾರೆ. ಮರಕ್ಕೆ ಅದು ಆಯುಷ್ಯ. ಕರೆಂಟಿಗೆ ಗೋಡೆ.

ಅರಗಿಗೆ ಸ್ಪಿರಿಟ್ ಸಾಕು. ಮೆಡಿಕಲ್ ಸ್ಟೋರಿನ ಸ್ಪಿರಿಟ್ ಮನೆಯಲ್ಲೇ ಇತ್ತು. ಹತ್ತಿಗೆ ಹಾಕಿ ಒತ್ತಿ ಹಿಡಿದೆ, ಕಾದೆ, ಒರೆಸಿದೆ. ಹತ್ತಿ ಕಂದಾಯಿತು. ಹೊಸ ಹತ್ತಿ. ಅದೂ ಕಂದಾಯಿತು. ಕೊನೆಗೆ ಹತ್ತಿ ಬೆಳ್ಳಗೇ ಉಳಿದಾಗ ಕೆಳಗೆ ಅಚ್ಚ ಲೋಹ ಕಂಡಿತು, ಒಂದು ಕಲೆಯಿಲ್ಲ. ಗಾಳಿಯೇ ಸೋಕದೆ ಹಾಗೇ ಉಳಿದಿತ್ತು. ಮೀಟರ್ ಹಿಡಿದೆ. ಬೀಪ್. ಪಕ್ಕದ್ದು, ಬೀಪ್. ಸಾಲು ಪೂರ್ತಿ ಬೀಪ್ ಅಂದಿತು. ನಾನೊಬ್ಬಳೇ ಇದ್ದೆ, ಜೋರಾಗಿ ‘ನಾನಲ್ಲ’ ಅಂದೆ. ಯಾರಿಗೂ ಕೇಳಿಸಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಅದೇ ಉತ್ಸಾಹದಲ್ಲಿ ಎರಡನೆಯದನ್ನು ಬಿಚ್ಚಿದೆ. ಹಳದಿ ಡಬ್ಬಿ. ಅದರಲ್ಲೂ ಅರಗು, ಅದೇ ಕೈ, ಮೆರುಗಿನಲ್ಲಿ ಕೆಳಗಿನದು ಕಾಣುತ್ತಿರಲಿಲ್ಲ. ಸ್ಪಿರಿಟ್ ಹಾಕಿ ಒರೆಸಿದೆ. ಈ ಸಲ ಹತ್ತಿ ಕಂದಾಗಿ, ಆಮೇಲೆ ಹಸಿರಾಯಿತು. ಅರಗಿನ ಕೆಳಗೆ, ನಡುವಿನ ಪಿನ್ನುಗಳಲ್ಲಿ, ಕಿಲುಬು ತಾಮ್ರವನ್ನು ಹಳ್ಳ ಹಳ್ಳವಾಗಿ ತಿಂದಿತ್ತು. ಅರಗು ಹಚ್ಚುವ ಮುಂಚೆಯೇ ತಿಂದದ್ದು. ಅರಗು ಬಿದ್ದ ಮೇಲೆ ಅಲ್ಲಿಗೆ ತೇವ ಹೋಗುವಂತಿಲ್ಲ. ತುಟಿ ಸಣ್ಣ ಮಾಡಿ ಊದಿದರೆ ಗಾಳಿ ಮೊದಲು ತಾಗುವುದು ಆ ನಡುವಿಗೇ. ಮೀಟರ್ ಹಿಡಿಯಲು ಹೋಗಲಿಲ್ಲ. ಅದರ ಎರಡು ಹೋಳನ್ನು ಮತ್ತೆ ಜೋಡಿಸಿ ಸ್ಕ್ರೂ ಹಾಕಿದೆ. ಉಳಿದವನ್ನು ಮುಟ್ಟಲಿಲ್ಲ.

ಮುಂದಿನ ಭಾನುವಾರ ಚನ್ನಪಟ್ಟಣಕ್ಕೆ ಹೋದೆ. ಚೀಲದಲ್ಲಿ ಕಪ್ಪು ಕ್ಯಾಸೆಟ್ ಒಂದೇ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಪ್ಪ ಬಾಗಿಲಲ್ಲಿ ಬುಗುರಿ ತಿರುವುತ್ತಿದ್ದರು, ಯಾರೂ ನೋಡದಿದ್ದರೂ. ಅಣ್ಣ ಕ್ಯಾಸೆಟ್ ಕಿತ್ತುಕೊಂಡು ಒಳಗೆ ಹೋಗಿ ಹಾಕಿದ. ಪರದೆಯ ಮೇಲೆ ಬಣ್ಣ ಬಂತು, ಆ ಕಿರುಚಲು ಸಂಗೀತ ಬಂತು. ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟ. ತಲೆ ನರೆತ, ಸಕ್ಕರೆ ಕಾಯಿಲೆಯ ಮನುಷ್ಯ, ಬೆನ್ನು ಮಾತ್ರ ಹದಿಮೂರು ವರ್ಷದವನ ಹಾಗೆ ಬಾಗಿತ್ತು.

ಅವನ ಹಿಂದೆ ನಿಂತು ಹೇಳಿದೆ. ಇವು ನನ್ನ ಉಸಿರಿಗೆ ಹಾಳಾಗಿದ್ದಲ್ಲ, ಇದರ ಪಿನ್ನಿನ ಮೇಲೆ ಅರಗು ಹಚ್ಚಿದ್ದಾರೆ, ಅದನ್ನು ತೆಗೆದದ್ದಕ್ಕೆ ನಡೆಯಿತು ಎಂದೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡ ಮಾತು. ಬಾಯಿಂದ ಬಂದಾಗ ಅದು ಸರ್ವೀಸ್ ಸೆಂಟರಿನವರ ಮಾತಿನ ಹಾಗೆ ಕೇಳಿಸಿತು.

‘ಒಸಿ ತಡ್ಕಳೇ, ಈ ಹಳ್ಳ ಹಾರ್ಬುಡ್ತೀನಿ’ ಅಂದ, ತಿರುಗದೆ.

ನಾನು ಹೊರಗೆ ಬಂದು ಅಪ್ಪನ ಲೇತಿನ ಸ್ವಿಚ್ ಆರಿಸಿದೆ. ಬುಗುರಿ ತಾನಾಗಿ ನಿಲ್ಲುವವರೆಗೆ ಅವರು ಅದನ್ನೇ ನೋಡುತ್ತಿದ್ದರು. ಕ್ಯಾಸೆಟ್‌ಗಳಿಗೆ ಅರಗು ಎಳೆದದ್ದು ನೀವೇ ಅಲ್ಲವಾ ಎಂದು ಕೇಳಿದೆ. ಮರೆತಿರುತ್ತಾರೆ, ಅಥವಾ ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅಪ್ಪ ಎರಡೂ ಮಾಡಲಿಲ್ಲ.

‘ಮಂಕಾಗಿದ್ವು. ಹೊಳೆದ್ರೆ ನಡೀತವೆ ಅನ್ಕಂಡೆ. ಅವ ಮಲಗಿದ್ಮೇಲೆ ಕೂತು ಮೆರುಗು ಕೊಟ್ಟೆ.’

‘ಅದ್ರಿಂದ ನಿಂತೋದ್ವು ಅಂತ ಯಾವಾಗ ಗೊತ್ತಾಯ್ತು?’

‘ಬೆಳಗ್ಗೆ ಅವ ಹಾಕ್ದಾಗ್ಲೇ ಗೊತ್ತಾಯ್ತು. ಎಲ್ಲಾ ಒಟ್ಟಿಗೆ ಹೋದ್ವಲ್ಲ.’

ಅವ್ವ ನನಗೆ ಹೊಡೆಯುತ್ತಿದ್ದಾಗ ನೀವು ಬಾಗಿಲಲ್ಲಿ ನಿಂತಿದ್ದಿರಿ ಎಂದೆ. ಹೌದು ಎಂದು ತಲೆ ಆಡಿಸಿದರು. ಮಡಿಲಲ್ಲಿ ಬಿದ್ದ ಹೊಟ್ಟನ್ನು ಕೊಡವಿಕೊಂಡರು. ತಪ್ಪು ಒಪ್ಪಿಕೊಳ್ಳುವವರ ದನಿ ಅದಲ್ಲ. ಯಾವ ಮರಕ್ಕೆ ಯಾವ ಉಳಿ ಎಂದು ವಿವರಿಸುವ ದನಿ.

‘ನಿನ್ ಮ್ಯಾಲೆ ಬಂದ್ಬುಟ್ಟಿತ್ತಲ್ಲ ಆಗ್ಲೇ. ಹೋಗ್ಲಿ ಅಂತ ಸುಮ್ಕಾದೆ. ನೀನು ಹೆಂಗಿದ್ರೂ ಇನ್ನೊಂದು ಮನೆಗೆ ಹೋಗೋಳು. ನಾನು ಅವನ್ ಜೊತೆ ಬಾಳ್ಬೇಕಿತ್ತು ಕಣವ್ವ.’

ಆ ಮಾತಿನಲ್ಲಿ ಸುಳ್ಳಿಲ್ಲ, ಕೆಟ್ಟತನವೂ ಇಲ್ಲ. ಅಪ್ಪ ಒಂದು ತೂಕ ಮಾಡಿದ್ದರು, ನಾನು ಹಗುರವಾಗಿದ್ದೆ, ಅಷ್ಟೆ. ಪಾಲಿಟೆಕ್ನಿಕ್ಕಿನ ಮಾತು ಬಂದ ದಿನ, ಎಲ್ಲರೂ ನಕ್ಕಾಗ, ಊಟದ ಸಾಲಿನಲ್ಲಿ ಅವರೂ ಇದ್ದರು. ಅವರಿಗೆ ಆಗಲೂ ಗೊತ್ತಿತ್ತು. ಇದನ್ನು ಕೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅಣ್ಣ ಹಳ್ಳಕ್ಕೆ ಬಿದ್ದು, ಆಟ ಬಿಟ್ಟು ಹೊರಗೆ ಬಂದ. ‘ಏನೋ ಅಂತಿದ್ದೆಯಲ್ಲ?’ ಎಂದ. ನಾನು ಇನ್ನೊಮ್ಮೆ ಹೇಳಿದೆ, ಅಪ್ಪನ ಎದುರಿಗೇ, ಅಪ್ಪನ ಹೆಸರು ಸೇರಿಸಿ. ಅಪ್ಪ ಲೇತಿನ ಮೇಲೆ ಕೈಯಿಟ್ಟುಕೊಂಡು ಮಗನ ಮುಖ ನೋಡಿದರು. ಹೊಡೆತಕ್ಕೆ ಕಾಯುವವರ ಹಾಗೆ ನೋಡಿದರು. ಅಷ್ಟು ವರ್ಷ ಅವರು ಹೆದರಿದ್ದು ಇದೇ ಗಳಿಗೆಗೆ.

ಅಣ್ಣ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ.

‘ಅಪ್ಪೋ, ಅದನ್ನೂ ಬೊಂಬೆ ಅನ್ಕಂಬುಟ್ಯಾ? ಎಂಥ ಆಸಾಮಿ ಕಣಪ್ಪ ನೀನು!’

ಅವರ ಹೆಗಲು ಹಿಡಿದು ಅಲ್ಲಾಡಿಸಿದ. ಅಪ್ಪನೂ ನಕ್ಕರು, ಮೊದಲು ಅಳುಕಿ, ಆಮೇಲೆ ಬಾಯ್ತುಂಬ. ಮುಗಿಯಿತು. ಕ್ಷಮೆ ಸಿಗಲು ಅವರಿಗೆ ಒಂದು ನಗು ಹಿಡಿಯಿತು. ಆ ಬೆಳಿಗ್ಗೆಯೇ ಹೇಳಿದ್ದರೂ ಬಹುಶಃ ಇಷ್ಟೇ ಹಿಡಿಯುತ್ತಿತ್ತು. ಹುಡುಗ ಒಂದಷ್ಟು ಅತ್ತು ಸುಮ್ಮನಾಗುತ್ತಿದ್ದ.

ಹಾಗಾದರೆ ಆವತ್ತು ತಪ್ಪನ್ನು ನನ್ನ ಮೇಲೆ ಹಾಕಿದಿರಲ್ಲ ಎಂದು ಕೇಳಿದೆ. ಅಣ್ಣನಿಗೆ ಅರ್ಥವಾಗಲಿಲ್ಲ. ನಟಿಸುತ್ತಿದ್ದಾನೆಯೇ ಎಂದು ಮುಖ ನೋಡಿದೆ, ನಟನೆಯಲ್ಲ.

‘ನಿನ್ ಮ್ಯಾಲೆ ಯಾರ್ ಹಾಕಿದ್ರು? ಆ ಗೇಮಿನ ಮಷಿನ್ನೇ ಸುಟ್ಟೋಗಿತ್ತು ಅಂತಲ್ವಾ ನಾವು ಬುಟ್ಟಿದ್ದು?’

ಅವ್ವ ಹೊಡೆದದ್ದು, ಊದಮ್ಮ ಎಂದು ಕರೆದದ್ದು, ಊಟಕ್ಕೆ ಕೂತಾಗಿನ ಮಾತು, ಒಂದೊಂದಾಗಿ ಹೇಳಿದೆ. ಊದಮ್ಮ ಎಂಬುದು ಮಾತ್ರ ಅವನಿಗೆ ನೆನಪಿತ್ತು, ಅದೂ ನನ್ನನ್ನು ಮುದ್ದಿಗೆ ಹಾಗೆ ಕರೆಯುತ್ತಿದ್ದರೆಂದು. ನನ್ನನ್ನು ಕೂರಿಸಿಕೊಂಡು ಆಟ ಆಡಿಸುತ್ತಿದ್ದೆ ಎಂದೂ ಹೇಳಿದ. ಇದು ಸುಳ್ಳು ಎನ್ನಲು ನನ್ನ ಹತ್ತಿರ ಇರುವುದು ಲೇತನ್ನು ಮೋಟಾರೂ ಕಾಲೂ ಒಟ್ಟಿಗೆ ನಡೆಸುವ ನೆನಪು ಮಾತ್ರ. ನಾನು ಯಾವ ತೀರ್ಪಿನ ಕೆಳಗೆ ಇಷ್ಟು ವರ್ಷ ಬದುಕಿದ್ದೆನೋ ಆ ಕೋರ್ಟು ಯಾವತ್ತೋ ಬಾಗಿಲು ಹಾಕಿಕೊಂಡು ಹೋಗಿತ್ತು. ನಿರಪರಾಧಿ ಎಂದು ಬರೆಸಿಕೊಂಡು ಬರಲು ಹೋದರೆ ಅಲ್ಲಿ ಯಾರೂ ಇರಲಿಲ್ಲ.

ಈಗ ಗೇಮ್ ಅಂಗಡಿಯಲ್ಲಿದೆ. ಅಣ್ಣನ ಯೋಚನೆ ಸುಳ್ಳಾಗಲಿಲ್ಲ, ಅಪ್ಪಂದಿರು ನಿಲ್ಲುತ್ತಾರೆ. ಅವರಿಗೆ ಹೇಳಲು ಒಂದು ಕತೆಯೂ ಅವನಿಗೆ ಸಿಕ್ಕಿದೆ. ಕಳೆದ ಸಲ ಹೋದಾಗ ಬೆಂಗಳೂರಿನ ಒಂದು ಕುಟುಂಬದ ಮುಂದೆ ಹೇಳುತ್ತಿದ್ದ. ಕ್ಯಾಸೆಟ್ ಮಂಕಾಯಿತೆಂದು ನಮ್ಮ ಅಪ್ಪ ಬೊಂಬೆಗೆ ಹಚ್ಚುವ ಅರಗನ್ನೇ ಹಚ್ಚಿಬಿಟ್ಟರು, ಎಲ್ಲಾ ಕೆಟ್ಟುಹೋದವು, ಮಗನಿಗೆ ಬೇಜಾರಾಗಬಾರದೆಂದು ಇಷ್ಟು ವರ್ಷ ಬಾಯಿ ಬಿಡಲಿಲ್ಲ, ನೋಡಿ ಎಂಥ ಮನುಷ್ಯ. ಆ ಕುಟುಂಬದ ಹೆಂಗಸು ಅಪ್ಪನ ಕಡೆ ನೋಡಿ ‘ಸೋ ಸ್ವೀಟ್’ ಅಂದಳು. ಅಪ್ಪ ತಲೆ ತಗ್ಗಿಸಿ ನಗುತ್ತಾ ಬುಗುರಿಗೆ ಅರಗು ಒತ್ತಿದರು. ಕತೆಯಲ್ಲಿ ಅಪ್ಪ ಇದ್ದರು, ಮಗ ಇದ್ದ, ಅರಗು ಇತ್ತು. ಬೇರೆ ಯಾರೂ ಬೇಕಾಗಿರಲಿಲ್ಲ. ನಾನು ಬೊಂಬೆಗಳ ಕಪಾಟಿನ ಹತ್ತಿರ ನಿಂತಿದ್ದೆ, ಇನ್ನೊಬ್ಬಳು ಗಿರಾಕಿಯಂತೆ.

ಉಳಿದವನ್ನೂ ಸರಿಮಾಡಿಕೊಡು ಎಂದು ಅಣ್ಣ ಹೋದಾಗಲೆಲ್ಲ ಕೇಳುತ್ತಾನೆ. ಗಿರಾಕಿಗಳು ಒಂದೇ ಆಟ ಆಡಿ ಬೇಸರಪಡುತ್ತಾರಂತೆ. ಅವು ನಮ್ಮ ಮನೆಯ ಕಪಾಟಿನಲ್ಲಿವೆ. ಸ್ಪಿರಿಟ್ ಇದೆ, ಹತ್ತಿ ಇದೆ. ಮಾಡುವುದಿಲ್ಲ ಎಂದೆ. ಯಾಕೆ ಎಂದ. ಮಾಡುವುದಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಅವನ ಮೇಲಿನ ಹಟ ಎಂದುಕೊಂಡ, ಅದು ಅರ್ಧ ನಿಜ. ಆ ಅರಗಿನ ಕೆಳಗೆ ಇರುವುದು ಅಚ್ಚ ಲೋಹವೋ ಹಸಿರು ಕಿಲುಬೋ ಎಂದು ನೋಡುವ ಧೈರ್ಯ ನನಗಿಲ್ಲ. ಹಚ್ಚಿದ್ದು ಹಾಗೇ ಇದ್ದರೆ ನಾನೂ ತೀರ್ಪಾಗದೆ ಹಾಗೇ ಇರಬಹುದು.

ಅವುಗಳ ಕೆಳಗೆ ಏನಿದೆಯೆಂದು ತಿಳಿದವರು ಒಬ್ಬರಿದ್ದಾರೆ. ಅರಗು ಎಳೆಯುವ ಮುಂಚೆ ಅಪ್ಪ ಯಾವುದನ್ನೇ ಆಗಲಿ ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಪೂರ್ತಿ ನೋಡುತ್ತಾರೆ. ಅವತ್ತು ರಾತ್ರಿಯೂ ಒಂದೊಂದನ್ನೂ ನೋಡಿರುತ್ತಾರೆ. ಎಷ್ಟು ಹಸಿರಾಗಿದ್ದವು, ಎಷ್ಟು ಇರಲಿಲ್ಲ ಎಂದು ಕೇಳಿದರೆ ಹೇಳುತ್ತಾರೆ. ಈಗ ಏನು ಕೇಳಿದರೂ ಹೇಳುತ್ತಾರೆ. ನಾನು ಕೇಳಿಲ್ಲ.